ಒಂಬತ್ತನೇ ಮೆಟ್ಟಿಲ ಡಬ್ಬ ಮತ್ತು ಸಮಮಿತಿ ಪಾಲನೆ

ಸಮಮಿತಿ ಪಾಲನಾ ಇಲಾಖೆ
ದಕ್ಷಿಣ ವಲಯ ಕಚೇರಿ, ಜಯನಗರ, ಬೆಂಗಳೂರು

ಸಂಖ್ಯೆ: ಸಪಾಇ/ದವ/ಡಬ್ಬ/11/2003-04
ದಿನಾಂಕ: 28-01-2004

ಸುತ್ತೋಲೆ

ವಿಷಯ: ನೆರೆಹೊರೆಯವರ ನಡುವೆ ಸಾರು-ತಿಂಡಿಯ ಡಬ್ಬ ಹೋಗಿ ಬರುವಲ್ಲಿ ಸಮಮಿತಿ ಕಾಪಾಡುವ ಬಗ್ಗೆ.

ಉಲ್ಲೇಖ:
1) ಶ್ರೀ ಚಿಕ್ಕಬೈರಪ್ಪ, ಮನೆ ಮಾಲೀಕರು, ಬಿಟಿಎಂ ಲೇಔಟ್ 2ನೇ ಹಂತ, ಇವರ ಮನವಿ, ದಿ: 22-01-2004 (ಕುಂಟುತ್ತಾ ಬಂದು ಖುದ್ದು ಸಲ್ಲಿಸಿದ್ದು).
2) ಪರಿವೀಕ್ಷಕಿ ಶ್ರೀಮತಿ ಕಮಲಾದೇವಿ ಅವರ ಸ್ಥಳ ತನಿಖಾ ವರದಿ, ದಿ: 23-01-2004.
3) ಒಂದೇ ಕೆಂಡವನ್ನು ಗುಡ್ಡದ ಆಚೆಗೂ ಈಚೆಗೂ ಕಡ ಕೊಟ್ಟು ತಂದು ನೂರು ವರ್ಷ ಒಲೆ ಉರಿಸಿದ ಇಬ್ಬರು ಮುದುಕಿಯರ ಪ್ರಕರಣ (ದಿನಾಂಕ: ಒಂದಾನೊಂದು ಕಾಲ, ಅಜ್ಜಿಯ ಬಾಯಿಂದ, ಮೂಲ ಪ್ರತಿ ಲಭ್ಯವಿಲ್ಲ).

ಡಬ್ಬವನ್ನು ಖಾಲಿ ವಾಪಸು ಕೊಡಬಾರದೆಂಬ ಪದ್ಧತಿ ವಲಯದಾದ್ಯಂತ ಜಾರಿಯಲ್ಲಿದ್ದರೂ, ಬಾಡಿಗೆದಾರರು ಮನೆ ಬಿಡುವಾಗ ಡಬ್ಬ ಯಾವ ಕಡೆ ನಿಲ್ಲಬೇಕೆಂಬ ಬಗ್ಗೆ ನಿಯಮವೇ ಇಲ್ಲದಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಸದರಿ ಲೋಪವನ್ನು ಸರಿಪಡಿಸಲು ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಅರ್ಥ ನಿರೂಪಣೆ.
(ಅ) ಗಣಿತದಲ್ಲಿ: ಮೊದಲನೆಯವರು ಎರಡನೆಯವರಿಗೆ ಏನಾಗಬೇಕೋ, ಎರಡನೆಯವರೂ ಮೊದಲನೆಯವರಿಗೆ ಅದೇ ಆಗಬೇಕಾದಲ್ಲಿ ಅದನ್ನು ಸಮಮಿತೀಯ ಸಂಬಂಧವೆಂದು ಪರಿಗಣಿಸತಕ್ಕದ್ದು. ನೆರೆಮನೆಯವರು ಎಂಬುದು ಈ ಬಗೆಯದು. ಮನೆ ಮಾಲೀಕರು ಎಂಬುದು ಈ ಬಗೆಯದಲ್ಲ.
(ಆ) ವಿಜ್ಞಾನದಲ್ಲಿ: ವಸ್ತುವನ್ನು ತಿರುಗಿಸಿದಾಗ ಅಥವಾ ಕನ್ನಡಿಗೆ ಹಿಡಿದಾಗ ಮೊದಲಿನಂತೆಯೇ ಕಂಡಲ್ಲಿ ಸಮಮಿತಿ ಇದೆಯೆಂದು ದೃಢೀಕರಿಸತಕ್ಕದ್ದು. ಚಿಟ್ಟೆ ಹಾಗೂ ಸ್ಟೀಲ್ ಡಬ್ಬ ಅರ್ಹ. ಯಾರಾದರೂ ಎಡವಿ ಒಂದು ಪಕ್ಕ ನಜ್ಜಾದ ಡಬ್ಬ ಅನರ್ಹ.
(ಇ) ದಿನಬಳಕೆಯಲ್ಲಿ: ಇದಕ್ಕೆ ಮುಯ್ಯಿ ಎನ್ನುತ್ತಾರೆ. ಪ್ರಮಾಣಪತ್ರ ಅಗತ್ಯವಿರುವುದಿಲ್ಲ.

2. ಪ್ರಕರಣದ ಸಂಗತಿ. ಮೇಲ್ಮನೆಯ ಬಾಡಿಗೆದಾರರಾದ ಶ್ರೀಮತಿ ಶರಣಮ್ಮ (ಕೊಪ್ಪಳದ ಕಡೆಯವರು) ಹಾಗೂ ಕೆಳಮನೆಯಲ್ಲಿ ವಾಸವಿರುವ ಸದರಿ ಮಾಲೀಕರ ಪತ್ನಿ ಶ್ರೀಮತಿ ನಾರಾಯಣಮ್ಮ ಇವರ ನಡುವೆ 1997ರಿಂದ ಒಂದೇ ಡಬ್ಬ ಓಡಾಡುತ್ತಿದ್ದು, ಮೇಲೆ ಹೋಗುವಾಗ ಹಿತಕಿದ ಅವರೆಬೇಳೆ ಸಾರು, ಕೆಳಗೆ ಬರುವಾಗ ಶೇಂಗಾ ಹೋಳಿಗೆ ಇತ್ಯಾದಿ ಇರುತ್ತಿದ್ದವು. ಡಬ್ಬ ಮೂಲತಃ ಯಾರದೆಂದು ಇಬ್ಬರಿಗೂ ನೆನಪಿಲ್ಲ. ತಳದಲ್ಲಿ ಕೆತ್ತಿಸಿದ್ದ ಹೆಸರು ಉಜ್ಜಿ ಉಜ್ಜಿ ಸವೆದು ‘ಮ್ಮ’ ಮಾತ್ರ ಉಳಿದಿದ್ದು, ಅದು ಇಬ್ಬರಿಗೂ ಅನ್ವಯಿಸುತ್ತದೆ. ಉಲ್ಲೇಖ (3)ರಲ್ಲಿಯೂ ಕೆಂಡ ಯಾರದೆಂದು ಯಾರೂ ಕೇಳಿರುವುದಿಲ್ಲ.

3. ಶರಣಮ್ಮನವರ ಕುಟುಂಬವು ಫೆಬ್ರವರಿ 1ರ ಭಾನುವಾರ ಕೋಣನಕುಂಟೆಗೆ ಸ್ಥಳಾಂತರಗೊಳ್ಳಲಿದೆ. ಡಬ್ಬ ಯಾರ ಬಳಿ ಉಳಿಯುವುದೋ ಅವರು ಅದನ್ನು ತುಂಬಿಕೊಂಡು ಇನ್ನೊಬ್ಬರ ಮನೆಗೆ ಹೋಗಲೇಬೇಕಾಗುತ್ತದೆ. ಆದ್ದರಿಂದ ಇಬ್ಬರೂ ಡಬ್ಬ ತಮಗೆ ಬೇಡವೆಂದು ನಿರಾಕರಿಸಿರುತ್ತಾರೆ. ಹೇಳಿಕೆಗಳನ್ನು ಯಥಾವತ್ ದಾಖಲಿಸಲಾಗಿದೆ:

ಶ್ರೀಮತಿ ನಾರಾಯಣಮ್ಮ: “ಅವಳೇ ತಗೊಂಡ್ ಹೋಗ್ಲಿ ಮೇಡಂ. ನಾನ್ ಇಸ್ಕೊಂಡ್ಬಿಟ್ರೆ ಮುಗೀತು, ಆಮೇಲೆ ಈ ಕಡೆ ತಲೆ ಹಾಕ್ತಾಳಾ ಅವ್ಳು? ನಂಗ್ ಮಂಡಿ ನೋವು, ಎರಡೆರಡ್ ಬಸ್ ಹತ್ತಕ್ಕಾಗಲ್ಲ.”

ಶ್ರೀಮತಿ ಶರಣಮ್ಮ: “ನಾ ಒಯ್ಯಂಗಿಲ್ರಿ. ಏಳು ವರ್ಷದಾಗ ನಾನೇ ಇಳಿದು ಬಂದು ಕೊಟ್ಟೀನಿ, ನಾನೇ ಇಳಿದು ಬಂದು ಒಯ್ದೀನಿ. ಅಕ್ಕಾರು ಒಮ್ಮೆರ ಮ್ಯಾಲ ಬಂದಾರೇನು, ಕೇಳ್ರಿ. ಡಬ್ಬಿ ಅವರ ಕಡೆ ಇದ್ರ ಒಂದ್ ಸಲ ಆದ್ರೂ ನಮ್ಮ ಮನಿ ನೋಡಾಕ ಬರ್ತಾರ.”

ಅಂದರೆ ಡಬ್ಬಕ್ಕೆ ಸಮಮಿತಿ ಇದ್ದು, ಮೆಟ್ಟಿಲಿಗೆ ಇರಲಿಲ್ಲವೆಂದು ತಿಳಿದುಬರುತ್ತದೆ.

4. ಸ್ಥಳ ತನಿಖೆ. ಮೆಟ್ಟಿಲುಗಳು ಹದಿನೇಳು. ಡಬ್ಬವು ಒಂಬತ್ತನೆಯದರಲ್ಲಿ, ಮೇಲೆ ಎಂಟು ಕೆಳಗೆ ಎಂಟು ಬಿಟ್ಟು, ಇಲಾಖೆಗೆ ಸಂತೋಷವಾಗುವ ರೀತಿಯಲ್ಲಿ ಇರುವುದು ಕಂಡುಬಂದಿದೆ. ನೀರಿನ ತೊಟ್ಟಿ ನೋಡಲು ಹತ್ತುತ್ತಿದ್ದ ಶ್ರೀ ಚಿಕ್ಕಬೈರಪ್ಪನವರು ಎಡವಿದ್ದು ಇದನ್ನೇ. ವಿಚಾರಿಸಲಾಗಿ, ಶರಣಮ್ಮನವರು ಕೆಳಬಾಗಿಲಲ್ಲಿ ಇಟ್ಟು ಹೋದ ಡಬ್ಬವನ್ನು ಹಾಗೆಯೇ ಹಿಂದಿರುಗಿಸಲು ನಾರಾಯಣಮ್ಮನವರು ಕಂಬಿ ಹಿಡಿದು ಅಲ್ಲಿಯವರೆಗೆ ಹತ್ತಿದ್ದು, ಅದರ ಮೇಲಕ್ಕೆ ಮಂಡಿ ಒಪ್ಪಿರುವುದಿಲ್ಲ. ಏಳು ವರ್ಷದಲ್ಲಿ ಅವರು ಆ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

5. ಸಾರ್ವಜನಿಕರು ಪಾಲಿಸಬೇಕಾದ ನಿಯಮಗಳು.
(ಅ) ಮನೆಯಲ್ಲಿ ಏನೂ ಇಲ್ಲದಿದ್ದಲ್ಲಿ ಡಬ್ಬಕ್ಕೆ ಚಿಟಿಕೆ ಸಕ್ಕರೆ ಹಾಕಿ ಕೊಡತಕ್ಕದ್ದು. ಸಮಮಿತಿಯು ಸಂಬಂಧಕ್ಕೇ ಹೊರತು ತೂಕಕ್ಕಲ್ಲವಾದ್ದರಿಂದ, ಇದನ್ನು ಹತ್ತು ಹೋಳಿಗೆಗೆ ಸರಿಸಮವೆಂದು ಭಾವಿಸತಕ್ಕದ್ದು. ಮುಖ ಸಿಂಡರಿಸತಕ್ಕದ್ದಲ್ಲ.
(ಆ) “ಅಯ್ಯೋ, ಇದೆಲ್ಲ ಯಾಕ್ ತರಕ್ಕೋದ್ರಿ” ಎಂಬ ಮಾತನ್ನು ಉಭಯತ್ರರೂ ವರ್ಷಕ್ಕೆ ಸಮಸಂಖ್ಯೆಯಲ್ಲಿ ಆಡತಕ್ಕದ್ದು.
(ಇ) ಸಾಮಾನು ತುಂಬಿದ ಟೆಂಪೋ ಹೊರಡುವಾಗ ಅಳು ಬಂದಲ್ಲಿ ಎರಡೂ ಕಣ್ಣುಗಳಿಂದ ಏಕಕಾಲಕ್ಕೆ ಅಳತಕ್ಕದ್ದು. ಒಂದೇ ಕಣ್ಣು ಒರೆಸಿಕೊಂಡು “ಧೂಳು ಬಿತ್ತು” ಎನ್ನುವುದನ್ನು ಸಮಮಿತಿ ಭಂಗವೆಂದು ಪರಿಗಣಿಸಲಾಗುವುದು.

6. ಆದೇಶ. ತನಿಖೆಯ ಸಮಯದಲ್ಲಿ ಡಬ್ಬದಲ್ಲಿ ಆರು ಶೇಂಗಾ ಹೋಳಿಗೆಗಳಿದ್ದು, ಮೊದಲನೆಯದರ ರುಚಿ ಉಳಿದವುಗಳಲ್ಲಿಯೂ ಇದೆಯೇ ಎಂದು ಖಚಿತಪಡಿಸಿಕೊಳ್ಳುವ ಸಲುವಾಗಿ ಪರಿವೀಕ್ಷಕಿಯವರು ಆರನ್ನೂ ತಿಂದಿರುತ್ತಾರೆ. ಇದರಿಂದ ಡಬ್ಬ ಖಾಲಿಯಾಗಿದ್ದು, ಅದನ್ನು ತುಂಬಿಸಿ ಕೊಡುವ ಹೊಣೆ ಇಲಾಖೆಯ ಮೇಲೆ ಬಿದ್ದಿದೆ. ಕಚೇರಿಯಲ್ಲಿ ಒಲೆ ಇಲ್ಲ. ಆದ್ದರಿಂದ ಡಬ್ಬವನ್ನು ಇಲಾಖೆಯ ವಶದಲ್ಲಿ ಇರಿಸಿಕೊಂಡು, ಪ್ರತಿ ತಿಂಗಳ ಮೊದಲ ಶನಿವಾರ ವಿಚಾರಣೆ ನಡೆಸಲು ತೀರ್ಮಾನಿಸಲಾಗಿದೆ. ಸಮ ತಿಂಗಳಲ್ಲಿ ಕೋಣನಕುಂಟೆಯ ಮನೆಯಲ್ಲಿ, ಬೆಸ ತಿಂಗಳಲ್ಲಿ ಬಿಟಿಎಂ ಲೇಔಟಿನ ಮನೆಯಲ್ಲಿ. ಇಬ್ಬರ ಹಾಜರಿಯೂ ಕಡ್ಡಾಯ. ಮೊದಲ ವಿಚಾರಣೆ ಫೆಬ್ರವರಿ 7ರಂದು ಬೆಳಿಗ್ಗೆ ಹನ್ನೊಂದಕ್ಕೆ ಕೋಣನಕುಂಟೆಯಲ್ಲಿ. ನಾರಾಯಣಮ್ಮನವರನ್ನು ಇಲಾಖೆಯ ಜೀಪಿನಲ್ಲಿ ಕರೆದೊಯ್ಯಲಾಗುವುದು. ಸದರಿ ಮನೆಗೆ ಮೆಟ್ಟಿಲಿಲ್ಲದಿರುವುದನ್ನು ಖಚಿತಪಡಿಸಿಕೊಳ್ಳಲಾಗಿದೆ.

7. ಈ ಕಡತವನ್ನು ಯಾವ ಅಧಿಕಾರಿಯೂ, ಯಾವ ಕಾರಣಕ್ಕೂ, ಎಂದಿಗೂ ಇತ್ಯರ್ಥಪಡಿಸತಕ್ಕದ್ದಲ್ಲ.

ಸಹಿ/-
(ರೇವಣಸಿದ್ದಪ್ಪ)
ಅಧೀಕ್ಷಕರು, ದಕ್ಷಿಣ ವಲಯ

ಪ್ರತಿಗಳು:
1) ಶ್ರೀಮತಿ ನಾರಾಯಣಮ್ಮ ಮತ್ತು ಶ್ರೀಮತಿ ಶರಣಮ್ಮ ಅವರಿಗೆ, ಒಂದೇ ಅಳತೆಯ ಕಾಗದದಲ್ಲಿ.
2) ಜೀಪು ಚಾಲಕ ಶ್ರೀ ಮಾರಯ್ಯ ಅವರಿಗೆ, ರಸ್ತೆಯ ಹಂಪುಗಳಲ್ಲಿ ನಿಧಾನವಾಗಿ ಹೋಗುವಂತೆ ಸೂಚಿಸಿ.
3) ಪರಿವೀಕ್ಷಕಿ ಶ್ರೀಮತಿ ಕಮಲಾದೇವಿ ಅವರಿಗೆ, ವಿಚಾರಣೆಯ ದಿನ ಮನೆಯಿಂದ ಊಟ ತರಬೇಕಿಲ್ಲವೆಂದು ತಿಳಿಸಿ.
4) ಮೇಲ್ಮನೆಗೆ ಬರಲಿರುವ ಹೊಸ ಬಾಡಿಗೆದಾರರಿಗೆ, ಬರುವಾಗ ಒಂದು ಡಬ್ಬ ತರುವಂತೆ ಕೋರಿ.