ಖಾಲಿ ಬೀದಿಯ ಫೋಟೋ

ಎಲ್ಲಕ್ಕೂ ಕಾರಣ ಬೇಕರಿಯವನ ಸ್ಕೂಟರು. ಅದೊಂದು ಅಲ್ಲಿ ನಿಂತಿರದಿದ್ದರೆ ಪ್ರೂಫಣ್ಣ ಫೋಟೋ ತೆಗೆದುಕೊಂಡು ತನ್ನ ಪಾಡಿಗೆ ಮನೆಗೆ ಹೋಗುತ್ತಿದ್ದ. ಬೀದಿಯೂ ತನ್ನ ಪಾಡಿಗೆ ಬೀದಿಯಾಗಿ ಉಳಿಯುತ್ತಿತ್ತು.

ಪ್ರೂಫಣ್ಣ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವನು. ಕೆಂಪು ಪೆನ್ನು ಹಿಡಿದು ಬೇರೆಯವರ ತಪ್ಪು ಹುಡುಕುವುದು ಹೊಟ್ಟೆಪಾಡು. ಬೆಳಗಿನ ಜಾವ ಕ್ಯಾಮೆರಾ ನೇತುಹಾಕಿಕೊಂಡು ಅಲೆಯುವುದು ಹುಚ್ಚು. ಆದರೆ ಕೆರೆಯ ಮೇಲಿನ ಮಂಜು ಅವನು ಬ್ಯಾಗಿನ ಜಿಪ್ಪು ಬಿಚ್ಚುವಷ್ಟರಲ್ಲಿ ಕರಗಿಹೋಗುತ್ತಿತ್ತು. ಮಿಂಚುಳ್ಳಿ, ಸಾಲ ಕೊಟ್ಟವನನ್ನು ಕಂಡಂತೆ, ಅವನ ಚಪ್ಪಲಿಯ ಸದ್ದಿಗೇ ಪರಾರಿ. ಹೀಗಾಗಿ ಓಡಿಹೋಗಲು ಬಾರದ್ದು ಏನಿದೆ ಎಂದು ಯೋಚಿಸಿ ಕೊನೆಗೆ ತನ್ನದೇ ಬೀದಿಯ ಮೇಲೆ ಕಣ್ಣು ಹಾಕಿದ್ದ.

ನಗರಸಭೆಯವರು ‘ಬೆಳಗಿನ ನಮ್ಮ ಊರು’ ಅಂತ ಫೋಟೋ ಸ್ಪರ್ಧೆ ಇಟ್ಟಿದ್ದರು. ಇವತ್ತೇ ಕೊನೆಯ ದಿನ, ಸಂಜೆಗೇ ಬಹುಮಾನ. ಎಳೆಬಿಸಿಲು ಬಿದ್ದ ಖಾಲಿ ಬೀದಿ, ಅದರಲ್ಲಿ ಒಂದು ನರಪಿಳ್ಳೆಯೂ ಇರಬಾರದು, ಇದು ಪ್ರೂಫಣ್ಣನ ಕನಸು. ಸೂರ್ಯ ಹುಟ್ಟುವ ಮೊದಲೇ ಬಂದು, ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಈ ಗೋಡೆಯಿಂದ ಆ ಗೋಡೆಗೆ ಹೆಜ್ಜೆ ಹಾಕಿ ನಡುಮಧ್ಯ ಯಾವುದೆಂದು ಗುರುತು ಮಾಡಿಕೊಂಡು, ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ. ಸ್ಕೂಟರು ಕಂಡಿತು. ಚೆಂದದ ವಾಕ್ಯದ ನಡುವೆ ಯಾರೋ ಬೇಡದ ಅಲ್ಪವಿರಾಮ ಹಾಕಿದ ಹಾಗಿತ್ತು. ಪ್ರೂಫಣ್ಣನ ಕೈ ಕೆಂಪು ಪೆನ್ನಿಗಾಗಿ ಜೇಬು ತಡಕಿತು.

ಬೇಕರಿಯವನು ಆಗತಾನೆ ಬಾಗಿಲು ತೆರೆದು ಆಕಳಿಸುತ್ತಿದ್ದ.

“ಅಣ್ಣಾ, ಸ್ಕೂಟರು ಸ್ವಲ್ಪ ಒಳಗೆ ಹಾಕ್ಕೊಳ್ತೀರಾ? ರಸ್ತೆ ಮೇಲೆ ಬಂದ್ಬಿಟ್ಟಿದೆ.”

“ಯಾಕೆ, ಏನಾಯ್ತು ಪ್ರೂಫಣ್ಣ?”

“ಫೋಟೋ ತೆಗೀತಿದೀನಿ. ನಗರಸಭೆಗೆ ಕೊಡ್ಬೇಕು, ಇವತ್ತೇ ಲಾಸ್ಟು.”

ಆಕಳಿಕೆ ಅರ್ಧದಲ್ಲೇ ನಿಂತಿತು. ಬೇಕರಿಯವನ ಕಣ್ಣು ಸ್ಟ್ಯಾಂಡಿನ ಮೂರು ಕಾಲುಗಳನ್ನು ನೋಡಿತು. ಆಮೇಲೆ ಮೆಲ್ಲಗೆ ಮೇಲಕ್ಕೆ ಹೋಗಿ, ಅಂಗಡಿಯ ಮುಂದೆ ಅರ್ಧ ರಸ್ತೆಯವರೆಗೆ ಚಾಚಿಕೊಂಡಿದ್ದ ತನ್ನ ತಗಡಿನ ಚಪ್ಪರದ ಮೇಲೆ ನೆಟ್ಟಿತು.

“ಇದೂ... ಫೋಟೋದಲ್ಲಿ ಬರುತ್ತಾ?”

“ಬಂದೇ ಬರುತ್ತೆ. ಎದ್ದು ಕಾಣುತ್ತೆ,” ಅಂದ ಪ್ರೂಫಣ್ಣ ಬೇಸರದಿಂದ.

ಬೇಕರಿಯವನು ಸ್ಕೂಟರನ್ನು ಅಂಗಡಿಯೊಳಗೆ, ಬ್ರೆಡ್ಡಿನ ಗೂಡಿನ ಪಕ್ಕಕ್ಕೇ ನುಗ್ಗಿಸಿದ. ಹಿಂದಿನ ಬಾಗಿಲಿಂದ ಹಾರಿದವನು ಸೀದಾ ಹೋಗಿ ಮೇಷ್ಟ್ರ ಮನೆ ಬಾಗಿಲು ಬಡಿದ.

ಮೇಷ್ಟ್ರು ರಿಟೈರಾಗಿ ಬಹಳ ಕಾಲವಾಗಿತ್ತು, ಆದರೆ ಆ ಸುದ್ದಿಯನ್ನು ಅವರ ಗಂಟಲಿಗೆ ಇನ್ನೂ ಯಾರೂ ತಿಳಿಸಿರಲಿಲ್ಲ.

“ಏನಂದೆ? ರಸ್ತೆಗೆ ಬಂದಿದ್ದನ್ನೆಲ್ಲ ನಗರಸಭೆಯವರು ಕೆಡವ್ತಾರಾ? ಫೋಟೋ ಸಾಕ್ಷಿಯಾ?”

ಇಷ್ಟು ಸಾಕಾಯಿತು. ಬೀದಿಗೆ ಬೀದಿಯೇ ಎದ್ದು ಕೂತಿತು. ಕಿಟಕಿಗಳು ತೆರೆದವು, ಚಿಲಕಗಳು ಕಿರುಗುಟ್ಟಿದವು. ಒಂದು ನರಪಿಳ್ಳೆಯೂ ಇರಬಾರದೆಂದು ಪ್ರೂಫಣ್ಣ ಕಾಯುತ್ತಿದ್ದ ಜಾಗದಲ್ಲಿ ಚಾದರ ಹೊದ್ದವರು, ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡವರು, ಒಂದೇ ಚಪ್ಪಲಿ ಸಿಕ್ಕವರು ಎಲ್ಲ ಬಂದು ತುಂಬಿಕೊಂಡರು.

“ದಯವಿಟ್ಟು ಸ್ವಲ್ಪ ಸರೀರಿ! ಬೆಳಕು ಹೋಗುತ್ತೆ!” ಪ್ರೂಫಣ್ಣ ಅಂಗಲಾಚಿದ.

ಮೂಲೆ ಮನೆ ಅಜ್ಜಿ ಬಂದವಳೇ ಅವನ ಕೈ ಹಿಡಿದುಕೊಂಡಳು. ಅವಳ ಮನೆಯ ಮೆಟ್ಟಿಲು ರಸ್ತೆಗೆ ಇಳಿದು, ಅದರ ಕೆಳಗೆ ಹೂವಿನ ಕುಂಡಗಳು ಇಳಿದು, ಕುಂಡಗಳ ಮುಂದೆ ಒಂದು ಹಳೇ ಬಕೆಟ್ಟೂ ಇಳಿದು ಬಂದು ಕೂತಿತ್ತು.

“ಮಗಾ, ನಿನ್ನನ್ನ ಎತ್ತಿ ಆಡಿಸಿದ ಕೈ ಕಣೋ ಇದು. ನನ್ನ ಕುಂಡಗಳನ್ನ ಫೋಟೋ ತೆಗೀತೀಯಾ?”

“ಇಲ್ಲ ಅಜ್ಜಿ, ನಿಮ್ಮ ಕುಂಡ ನನಗೆ ಬೇಡವೇ ಬೇಡ! ಅದೇ ಅಡ್ಡ ನನಗೆ!”

“ನೋಡಿದ್ರಾ? ಅಡ್ಡ ಅಂತ ಅವನೇ ಹೇಳ್ತಿದಾನೆ!” ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡಳು.

“ಅಯ್ಯೋ, ಇದು ಬರೀ ಸ್ಪರ್ಧೆಗೆ...”

“ಸುಮ್ನಿರಯ್ಯಾ,” ಮೇಷ್ಟ್ರು ಅವನ ಭುಜ ತಟ್ಟಿ, ದನಿ ತಗ್ಗಿಸಿದರು. ತಗ್ಗಿಸಿದ ದನಿ ಎರಡು ಬೀದಿ ಆಚೆಗೆ ಕೇಳಿಸಿತು. “ಮೇಲಿನವರ ಆರ್ಡರು, ನೀನು ಬಾಯಿ ಬಿಡೋ ಹಾಗಿಲ್ಲ. ನಮಗೆ ಅರ್ಥ ಆಗುತ್ತೆ. ಅರ್ಧ ಗಂಟೆ ಟೈಮ್ ಕೊಡು. ಇಲ್ಲಿ ಏನೂ ಇರ್ಲಿಲ್ಲ ಅನ್ನೋ ಹಾಗೆ ಮಾಡ್ತೀವಿ.”

ಪ್ರೂಫಣ್ಣ ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಬಾಗಿಲ ಮುಂದಿನ ಹರುಕು ಸೋಫಾವನ್ನು ಎತ್ತಿ ಒಳಗೆ ಒಯ್ದರು. ಅದರ ಹಿಂದೆ ತುಕ್ಕು ಹಿಡಿದ ಸೈಕಲ್ಲು ಹೋಯಿತು. ಅಡ್ಡಡ್ಡ ಕಟ್ಟಿದ್ದ ಒಳಉಡುಪುಗಳ ಹಗ್ಗ ಒಂದೇ ಏಟಿಗೆ ಇಳಿಯಿತು. ಕ್ಯಾಮೆರಾದೊಳಗಿಂದ ನೋಡುತ್ತಿದ್ದವನಿಗೆ ಪುಟದ ಮೇಲಿನ ತಪ್ಪುಗಳೆಲ್ಲ ತಾವಾಗಿಯೇ ಅಳಿಸಿಹೋಗುತ್ತಿರುವಂತೆ ಕಂಡಿತು. ಇಂಥ ಭಾಗ್ಯ ಯಾವ ಪ್ರೂಫ್ ತಿದ್ದುವವನಿಗೆ ಸಿಕ್ಕೀತು? ತೆರೆದ ಬಾಯನ್ನು ಅವನು ಹಾಗೇ ಮುಚ್ಚಿಕೊಂಡ.

ಮುಚ್ಚಿಕೊಂಡದ್ದಷ್ಟೇ ಅಲ್ಲ, “ಆ ಬಕೆಟ್ಟು?” ಅಂತ ಬೆರಳನ್ನೂ ತೋರಿಸಿದ.

ಬಕೆಟ್ಟು ಹೋಯಿತು. ಮೇಷ್ಟ್ರು ಕೋಲೆತ್ತಿ ಅಪ್ಪಣೆ ಕೊಡುತ್ತ ಓಡಾಡಿದರು. ಯಾರದೋ ಕಪಾಟು ಬಾಗಿಲಲ್ಲಿ ಸಿಕ್ಕಿಬಿದ್ದು ಒಳಗಿದ್ದ ಸೊಸೆ ಒಳಗೆ, ಹೊರಗಿದ್ದ ಅತ್ತೆ ಹೊರಗೆ ಉಳಿದರು; ಇಬ್ಬರೂ ಅದರ ಬಗ್ಗೆ ಅಂಥ ದುಃಖವನ್ನೇನೂ ತೋರಿಸಲಿಲ್ಲ. ಬೇಕರಿಯವನು ಏಣಿ ಹತ್ತಿ ತಗಡಿನ ಚಪ್ಪರದ ಮೊಳೆ ಕಿತ್ತ. ತಗಡು ಇಳಿಯುವಾಗ ಅದರ ಮೇಲೆ ವರ್ಷಗಟ್ಟಲೆ ಕೂತಿದ್ದ ಧೂಳು, ಎಲೆ, ಮಕ್ಕಳ ಚೆಂಡು ಎಲ್ಲ ಕೆಳಗೆ ನಿಂತಿದ್ದ ಮೇಷ್ಟ್ರ ತಲೆ ಮೇಲೆ ಸುರಿಯಿತು. ಮೇಷ್ಟ್ರು ಬೂದಿ ಬಣ್ಣದ ಪ್ರತಿಮೆಯಂತೆ ನಿಂತು, “ಮುಂದುವರಿಸಿ,” ಅಂದರು.

ಗದ್ದಲಕ್ಕೆ ಎದ್ದುಬಂದ ಹೆಂಡತಿ ಪ್ರೂಫಣ್ಣನನ್ನು ಪಕ್ಕಕ್ಕೆ ಎಳೆದಳು. “ಏನ್ರೀ ಇದು ಅವಾಂತರ? ಅಜ್ಜಿ ಅಳ್ತಿದಾರೆ!”

“ಫೋಟೋ ತೆಗೆದ ತಕ್ಷಣ ಎಲ್ಲಾ ಹೇಳ್ಬಿಡ್ತೀನಿ ಕಣೇ. ನಿನ್ನಾಣೆ.”

ಕೊನೆಗೂ ಬೀದಿ ತೆರವಾಯಿತು. ಆದರೆ ತೆರವಾದ ಬೀದಿ ಹೇಗೆ ಕಾಣುತ್ತದೆಂದು ನೋಡಲು ಎಲ್ಲರೂ ಅದರ ನಡುಮಧ್ಯಕ್ಕೇ ಬಂದು ನಿಂತರು. ಮಹಡಿಯ ಅಂಚಿನಲ್ಲಿ ಬಿಸಿಲು ಆಗಲೇ ಕೆಂಪಾಗತೊಡಗಿತ್ತು. ಹುಟ್ಟಿದಾಗಿನಿಂದ ಯಾರ ಮೇಲೂ ದನಿಯೆತ್ತದ ಪ್ರೂಫಣ್ಣ ಕಿರುಚಿದ:

“ಎಲ್ಲಾ ಒಳಗೆ ಹೋಗಿ! ಬಾಗಿಲು ಹಾಕ್ಕೊಳ್ಳಿ! ಒಬ್ಬರೂ ಕಾಣಿಸ್ಕೋಬಾರ್ದು!”

ದಡಬಡ ಬಾಗಿಲುಗಳು ಮುಚ್ಚಿಕೊಂಡವು. ಆಮೇಲೆ ಸದ್ದೇ ಇಲ್ಲ. ಬಿಸಿಲು ಮಹಡಿಯಿಂದ ಗೋಡೆಗೆ, ಗೋಡೆಯಿಂದ ಅಜ್ಜಿಯ ಮೆಟ್ಟಿಲಿಗೆ ಇಳಿದು, ಅಲ್ಲಿಂದ ನೆಲಕ್ಕೆ ಹರಡಿತು. ಇಷ್ಟು ವರ್ಷ ಸೋಫಾ, ಸೈಕಲ್ಲುಗಳ ಕೆಳಗೆ ಅಡಗಿದ್ದ ಕಲ್ಲುಹಾಸು ಜೇನಿನ ಹಾಗೆ ಹೊಳೆಯಿತು. ತಾನು ಹುಟ್ಟಿ ಬೆಳೆದ ಬೀದಿ ಇಷ್ಟು ಚೆಂದವೇ ಎಂದು ಪ್ರೂಫಣ್ಣ ಬೆರಗಾದ. ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

ಕೊಟ್ಟ ಮಾತಿನಂತೆ ಎಲ್ಲ ಬಾಗಿಲು ತಟ್ಟಿ ನಿಜ ಹೇಳಿಯೂ ಹೇಳಿದ. ಆಮೇಲೆ ಬೇಕರಿಯವನು ಅಟ್ಟಿಸಿಕೊಂಡು ಬಂದ. ಬೀದಿಯ ತುದಿ ಮುಟ್ಟುವವರೆಗೂ ಪ್ರೂಫಣ್ಣ ಹಿಂತಿರುಗಿ ನೋಡಲಿಲ್ಲ. ಓಡುತ್ತಲೇ ಹೋಗಿ ಫೋಟೋ ನಗರಸಭೆಗೆ ಕೊಟ್ಟು, ಅಲ್ಲಿಂದಲೇ ಕೆಲಸಕ್ಕೆ ಹೋದ.

ಸಂಜೆ ನಗರಸಭೆಯ ಸಭಾಂಗಣದಲ್ಲಿ ಮೊದಲನೇ ಬಹುಮಾನಕ್ಕೆ ಅವನನ್ನೇ ಕರೆದರು. ಮಿಠಾಯಿ ಡಬ್ಬದಷ್ಟು ದೊಡ್ಡ ಹಿತ್ತಾಳೆಯ ಫಲಕ! ವೇದಿಕೆ ಇಳಿದವನೇ ಹೆಂಡತಿಗೆ ಫೋನು ಮಾಡಿದ.

“ನಿಜವಾಗ್ಲೂ? ಬೇಗ ಬನ್ನಿ, ಇಲ್ಲಿ ಎಲ್ಲರ ಕೋಪ ಇಳಿದಿದೆ. ನಮ್ಮ ಬೀದಿಗೇ ಬಹುಮಾನ ಅಂತ ಹೇಳಿದ್ರೆ ಮೇಷ್ಟ್ರು ಕುಣೀತಾರೆ!”

ಅಷ್ಟರಲ್ಲಿ ನಗರಸಭೆಯ ಎಂಜಿನಿಯರು ಬಂದು ಅವನ ಎರಡೂ ಕೈ ಹಿಡಿದು ಕುಲುಕಿದರು.

“ದೊಡ್ಡ ಉಪಕಾರ ಮಾಡಿದ್ರಿ ನೀವು! ದೊಡ್ಡ ರಸ್ತೇಲಿ ಪೈಪ್ ಒಡೆದು ಅಗೆದು ಹಾಕಿದೀವಿ. ಬಸ್ಸುಗಳನ್ನ ಯಾವ ಕಡೆ ತಿರುಗಿಸೋದು ಅಂತ ತಲೆ ಕೆಟ್ಟು ಹೋಗಿತ್ತು. ಬೆಳಿಗ್ಗೆ ನಿಮ್ಮ ಫೋಟೋ ಟೇಬಲ್ ಮೇಲೆ ಬಂತು ನೋಡಿ! ಇಂಥಾ ಅಗಲವಾದ, ಖಾಲಿ ರಸ್ತೆ ಊರೊಳಗೇ ಇರೋದು ನಮಗೇ ಗೊತ್ತಿರ್ಲಿಲ್ಲ!”

ಪ್ರೂಫಣ್ಣನ ಬೆವರು ಫಲಕದ ಮೇಲೆ ತೊಟ್ಟಿಕ್ಕಿತು. “ಸಾರ್, ಅದು ಲೆನ್ಸು ಸಾರ್! ಆ ಲೆನ್ಸಲ್ಲಿ ಎಲ್ಲಾನೂ ಅಗಲವಾಗಿ ಕಾಣುತ್ತೆ!”

“ಕಲಾವಿದರು ಅಂದ್ರೆ ಹೀಗೇ ನೋಡಿ, ಎಷ್ಟು ವಿನಯ!” ಎಂಜಿನಿಯರು ಬೆನ್ನು ತಟ್ಟಿ ಟೀ ಕುಡಿಯಲು ಹೊರಟೇಹೋದರು.

ಬೀದಿಯವರಿಗೆ ಹೇಗಾದರೂ ಮುನ್ಸೂಚನೆ ಕೊಡಬೇಕು. ಮತ್ತೆ ಫೋನು ಹಚ್ಚಿದರೆ ಹೆಂಡತಿ ಎತ್ತಲಿಲ್ಲ. ಸುದ್ದಿ ಹಂಚಲು ಮನೆ ಮನೆ ಹತ್ತುತ್ತಿದ್ದಳೆಂದು ಕಾಣುತ್ತದೆ. ಪ್ರೂಫಣ್ಣ ಓಡಿಹೋಗಿ ಹೊರಡುತ್ತಿದ್ದ ಬಸ್ಸಿಗೆ ಜಿಗಿದ. ಕಿಟಕಿ ಪಕ್ಕ ಕೂತು, ಫಲಕ ತೊಡೆಯ ಮೇಲಿಟ್ಟುಕೊಂಡು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಬರೆದ. ಎರಡನೇ ಸಲ ತಿದ್ದುವ ಹೊತ್ತಿಗೆ ಬಸ್ಸು ದೊಡ್ಡ ರಸ್ತೆ ಬಿಟ್ಟು ಎಡಕ್ಕೆ ಹೊರಳಿತು.

ಅದು ಅವನದೇ ಬೀದಿ.

ಮೊದಲು ಕೇಳಿಸಿದ್ದು ತಗಡಿನ ಸದ್ದು. ಬೇಕರಿಯವನು ಮಧ್ಯಾಹ್ನ ಮತ್ತೆ ಕಷ್ಟಪಟ್ಟು ಕಟ್ಟಿದ್ದ ಚಪ್ಪರ ಈಗ ಬಸ್ಸಿನ ನೆತ್ತಿಯ ಮೇಲೆ ಟೋಪಿಯಾಗಿ ಕೂತಿತು. ಆಮೇಲೆ ಅಜ್ಜಿಯ ಬಕೆಟ್ಟು ಉರುಳಿತು. ಇನ್ನಷ್ಟು ತೆವಳಿ, ಎರಡೂ ಕಡೆಯ ಗೋಡೆಗಳನ್ನು ಸವರಿ, ಬಸ್ಸು ಬಾಟಲಿಯ ಬಿರಡೆಯ ಹಾಗೆ ಗಟ್ಟಿಯಾಗಿ ಕೂತುಬಿಟ್ಟಿತು. ಬಾಗಿಲು ತೆರೆಯಲು ಜಾಗವಿಲ್ಲ. ಹಿಂದೆ ಇನ್ನೆರಡು ಬಸ್ಸುಗಳು ಬಂದು ನಿಂತು ಹಾರ್ನು ಹೊಡೆಯತೊಡಗಿದವು. ಪ್ರೂಫಣ್ಣ ಕಿಟಕಿಯಾಚೆ ನೋಡಿದ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅವನದೇ ಮನೆಯ ಕಿಟಕಿ, ಒಳಗೆ ಅವನದೇ ಕುರ್ಚಿ.

ಡ್ರೈವರು ಸ್ಟಿಯರಿಂಗ್ ಬಿಟ್ಟು ಎದ್ದು ನಿಂತ.

“ಆಫೀಸಲ್ಲಿ ಫೋಟೋ ತೋರಿಸಿ ಕಳಿಸಿದ್ರು, ಮೈದಾನದ ಹಾಗೆ ಕಾಣ್ತಿತ್ತು! ಆ ಫೋಟೋ ತೆಗೆದ ಮಹಾನುಭಾವ ಯಾರೋ, ಒಂದೇ ಒಂದ್ಸಲ ನನ್ನ ಕೈಗೆ ಸಿಗ್ಲಿ!”

“ನಮಗೂ ಸಿಗ್ಲಿ!” ಅಂದರು ಮನೆ ಸೇರುವ ಆತುರದಲ್ಲಿದ್ದ ಪ್ರಯಾಣಿಕರೆಲ್ಲ.

ಪ್ರೂಫಣ್ಣ ಫಲಕವನ್ನು ಅಂಗಿಯೊಳಗೆ ತುರುಕಿಕೊಂಡು ಸೀಟಿನ ಕೆಳಗೆ ಜಾರತೊಡಗಿದ. ಆಗಲೇ ಎದುರು ಕಿಟಕಿಯ ಪರದೆ ಸರಿಯಿತು. ಹೆಂಡತಿಯ ಮುಖ ಕಂಡಿತು. ಅವಳ ಹಿಂದೆ ಮೇಷ್ಟ್ರು, ಅಜ್ಜಿ, ಬೇಕರಿಯವನು ಕತ್ತು ಚಾಚಿ ನಿಂತಿದ್ದರು. ಡ್ರೈವರನ ಮಾತಲ್ಲಿ ‘ಮಹಾನುಭಾವ’ ಅನ್ನುವುದಷ್ಟೇ ಕಿವಿಗೆ ಬಿದ್ದು, ಹೆಮ್ಮೆಯಿಂದ ಹೆಂಡತಿಯ ಮುಖ ಊರಗಲ ಅರಳಿತು.

“ಡ್ರೈವರಣ್ಣಾ, ಅವರು ನಿಮ್ಮ ಬಸ್ಸಲ್ಲೇ ಇದಾರೆ!” ಅವಳು ಬೆರಳು ತೋರಿಸಿ ಕೂಗಿದಳು. “ಇಗೋ, ಇಲ್ಲೇ ಬಗ್ಗಿ ಕೂತಿದಾರಲ್ಲ, ಇವರೇ! ನಮ್ಮ ಮನೆಯವರು!”