ಮುಗಿದ ಆಟಕ್ಕೆ ಹರಕೆ

ಅಮೆರಿಕದ ಯಾವುದೋ ಊರಿನ ಹುಡುಗನೊಬ್ಬನಿಗೆ ಚೆಂಡು ಸರಿಯಾಗಿ ಎಸೆಯಲು ಬಾರದೆ ಹೋದದ್ದರಿಂದ ಕುವೈತಿನ ಫರ್ವಾನಿಯಾದಲ್ಲಿ ರೋಹಿದಾಸನ ನಿಶ್ಚಿತಾರ್ಥ ತೂಗುಯ್ಯಾಲೆಯಲ್ಲಿತ್ತು.

ಹುಡುಗನ ಹೆಸರು ಕೋಲ್ಟನ್. ಅವನು ಕ್ವಾರ್ಟರ್‌ಬ್ಯಾಕ್. ಅಂದರೆ ಮಂಗಳೂರು ಸೌತೆಕಾಯಿಯ ಆಕಾರದ ಚೆಂಡನ್ನು ದೂರದಲ್ಲಿ ಓಡುವ ತನ್ನ ಕಡೆಯವರ ಕೈಗೆ ಎಸೆದು ಮುಟ್ಟಿಸಬೇಕಾದವನು. ಅದನ್ನವನು ಬಹಳ ಶ್ರದ್ಧೆಯಿಂದ ಎದುರಾಳಿಗಳ ಕೈಗೇ ಮುಟ್ಟಿಸುತ್ತಿದ್ದ. ಸೀಸನ್ ಇನ್ನೂ ಶುರುವಾಗಿರಲಿಲ್ಲ, ಇವು ಬರೀ ಅಭ್ಯಾಸದ ಪಂದ್ಯಗಳು. ಆದರೆ ರೋಹಿದಾಸ ಕೆಲಸಕ್ಕಿದ್ದ ಲಿಫ್ಟ್ ಕಂಪೆನಿಯ ಪರ್ಚೇಸ್ ಮ್ಯಾನೇಜರ್ ಕ್ರೇಗ್ ಸಾಹೇಬರಿಗೆ ಹುಡುಗನದು ತವರೂರಿನ ತಂಡ. ಹಿಂದಿನ ಪಂದ್ಯದಲ್ಲಿ ಹುಡುಗ ಸೋತ ಮರುದಿನ ಸ್ಟೋರಿನವನ ರಜೆ ಹೋಯಿತು, ಇನ್ನೊಬ್ಬನ ಓವರ್‌ಟೈಮ್ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕಟ್ಟಿದವನು ಖಂಡಿತ ಇಂಥದೊಂದು ಆಫೀಸಿನಲ್ಲಿ ಕೆಲಸ ಮಾಡಿದ್ದಿರಬೇಕು.

ಪರ್ಚೇಸ್ ವಿಭಾಗದಲ್ಲಿ ಇದ್ದದ್ದೇ ಇಬ್ಬರು: ಸಾಹೇಬರು ಮತ್ತು ರೋಹಿದಾಸ. ಇಬ್ಬರೂ ಒಟ್ಟಿಗೆ ರಜೆ ಹಾಕುವಂತಿಲ್ಲ ಎಂಬುದು ಕಂಪೆನಿಯ ಒಡೆಯ ಕಫೀಲನ ಕಟ್ಟಪ್ಪಣೆ. ಇದೇ ಕಾರಣಕ್ಕೆ ರೋಹಿದಾಸನ ನಿಶ್ಚಿತಾರ್ಥ ಆಗಲೇ ಎರಡು ಸಲ ಮುಂದೆ ಹೋಗಿತ್ತು. ಈ ಸಲ ಸೆಪ್ಟೆಂಬರಿನಲ್ಲಿ ಬರದಿದ್ದರೆ ಬೇರೆ ಕಡೆ ನೋಡುತ್ತೇವೆಂದು ಹುಡುಗಿ ಅಪೇಕ್ಷಾಳ ಅಪ್ಪ ಕಾಪುವಿನಿಂದ ಫೋನು ಮಾಡಿ ಹೇಳಿಯಾಗಿತ್ತು. ಅಪೇಕ್ಷಾಳ ಜೊತೆ ವೀಡಿಯೊ ಕಾಲಿನಲ್ಲಿ ಮಾತಾಡಿ ಮಾತಾಡಿ ರೋಹಿದಾಸನಿಗೆ ಅವಳನ್ನು ಬಿಟ್ಟು ಬೇರೆ ಲೋಕವೇ ಇಲ್ಲದಂತಾಗಿತ್ತು.

ಭಾನುವಾರ ಬೆಳಗ್ಗೆ ಅವನು ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದ. ಸಾಹೇಬರು ಕೈಯೆತ್ತಿ ತಡೆದರು. ಅಮೆರಿಕದಲ್ಲಿ ಪಂದ್ಯ ಮುಗಿದಿದೆ, ತಾನಿನ್ನೂ ನೋಡಿಲ್ಲ, ಊಟವಾದ ಮೇಲೆ ಮೀಟಿಂಗ್ ರೂಮಿನ ದೊಡ್ಡ ಪರದೆಯಲ್ಲಿ ರೆಕಾರ್ಡಿಂಗ್ ನೋಡುವುದು, ರಜೆಯ ವಿಷಯ ಅದಾದ ಮೇಲೆ ಎಂದರು. ಅಲ್ಲಿಯ ತನಕ ಯಾರಾದರೂ ಸ್ಕೋರು ಬಾಯಿಬಿಟ್ಟರೆ ಅವರ ಕೆಲಸ ಖಲಾಸ್ ಎಂದೂ ಸೇರಿಸಿದರು.

ಸುದ್ದಿ ಪ್ಯಾಂಟ್ರಿ ತಲುಪಲು ಚಾ ಕುದಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಅಲ್ಲಿ ಕೋಲ್ಟನ್ನನ ಬಗ್ಗೆ ದಿನವೂ ಚರ್ಚೆ ನಡೆಯುತ್ತಿತ್ತು. ಆ ಆಟದ ನಿಯಮ ಯಾರಿಗೂ ಗೊತ್ತಿಲ್ಲದ ಕಾರಣ ಚರ್ಚೆಗೆ ಯಾವ ಅಡ್ಡಿಯೂ ಇರಲಿಲ್ಲ. ಅಕೌಂಟ್ಸಿನ ಆಸ್ಟಿನ್ ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದವನು. ತಪ್ಪು ಹುಡುಗನದಲ್ಲ, ಅವನ ಮುಂದೆ ನಿಂತು ಕಾಯಬೇಕಾದವರದ್ದು ಎಂದು ಅವನ ವಾದ. ತಾನು ಬಿಟ್ಟ ಗೋಲುಗಳ ಬಗ್ಗೆಯೂ ಅವನದು ಇದೇ ವಾದವಾಗಿತ್ತು. ಕಂಪೆನಿಯ ವ್ಯಾನ್ ಓಡಿಸುವ ಹಂಝ, ಹೊಸ ಡ್ರೈವರುಗಳೆಲ್ಲ ಮೊದಲ ತಿಂಗಳು ಫುಟ್‌ಪಾತಿಗೆ ಹತ್ತಿಸುವವರೇ, ಸೀಸನ್ ಬರುವಾಗ ಕೈ ಕೂರುತ್ತದೆ ಎಂದ. ರಿಸೆಪ್ಶನಿನ ರೆಜಿನಾ ಬಾಯಿ ಮಾತ್ರ ಹುಡುಗನಿಗೆ ದೃಷ್ಟಿ ತಾಗಿದೆ ಎಂಬಲ್ಲಿಂದ ಒಂದಂಗುಲ ಕದಲಲಿಲ್ಲ.

"ಕಳೆದುಹೋದ ವಸ್ತುವಿಗೆ ನಾವು ಸಂತ ಅಂತೋನಿಗೆ ಮೇಣದಬತ್ತಿ ಹೇಳ್ಕೊಳ್ಳುದು," ಎಂದರು ಅವರು. "ಹುಡುಗನ ಗುರಿ ಕಳೆದುಹೋಗಿದೆ. ವಸ್ತು ಅಲ್ಲದಿದ್ರೇನು, ಕಳೆದದ್ದು ಕಳೆದದ್ದೇ ಅಲ್ವಾ?"

ರೋಹಿದಾಸನ ಕಣ್ಣು ಅರಳಿತು. ಅವನ ಊರಲ್ಲಿ ಕಳೆದದ್ದನ್ನು ಹುಡುಕಿಕೊಡುವ ದೈವ ಕೊರಗಜ್ಜ. ಅಜ್ಜಿಯ ಬೆಂಡೋಲೆ, ನೆರೆಮನೆಯ ಕರು, ಭಾವನ ಪಾಸ್‌ಪೋರ್ಟು ಎಲ್ಲ ಸಿಕ್ಕಿದ್ದು ಅಜ್ಜನಿಗೆ ಹೇಳಿಕೊಂಡ ಮೇಲೆಯೇ.

ಹಂಝ ತಲೆ ಕೆರೆದುಕೊಂಡ. "ರೋಹಿದಾಸಣ್ಣ, ನಾನೂ ದುಆ ಮಾಡ್ತೇನೆ. ಆದ್ರೆ ಆಟ ಮುಗಿದಿದೆಯಲ್ಲ ಮಾರ್ರೆ. ಈಗ ಹರಕೆ ಹೇಳಿ ಎಂತ ಪ್ರಯೋಜನ?"

"ಸಾಹೇಬ್ರು ಇನ್ನೂ ನೋಡ್ಲಿಲ್ಲ," ಎಂದ ರೋಹಿದಾಸ. "ಅವರು ನೋಡುವ ತನಕ ನಮ್ಮ ಲೆಕ್ಕಕ್ಕೆ ಆಟ ಮುಗಿಯುವುದಿಲ್ಲ."

ಆಸ್ಟಿನ್ ಸ್ಕೋರು ನೋಡಿಯೇ ಬಿಡೋಣವೆಂದು ಮೊಬೈಲ್ ತೆಗೆದ. ಹರಕೆ ಹೇಳುವ ಮೊದಲೇ ಫಲಿತಾಂಶ ನೋಡಿದರೆ ದೇವರ ದಾರಿಗೆ ಕಲ್ಲಿಟ್ಟಂತೆ ಎಂದು ರೆಜಿನಾ ಬಾಯಿ ಅದನ್ನು ಕಿತ್ತು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

ರೋಹಿದಾಸ ತನ್ನ ಮೇಜಿಗೆ ಮರಳುವಷ್ಟರಲ್ಲಿ ಸಾಹೇಬರ ತಮ್ಮ ಅಮೆರಿಕದಿಂದ ಅಲ್ಲಿಯ ಫೋನಿಗೆ ಕರೆ ಮಾಡಿದ. ಹಲೋ ಎನ್ನುವ ಮೊದಲೇ ಸ್ಕೋರು ಕೂಗುವ ಆಸಾಮಿ ಅವನು. ಸಾಹೇಬರು ಎದುರಿಗೇ ನಿಂತಿದ್ದರು. ರೋಹಿದಾಸ ರಿಸೀವರನ್ನು ಬಾಚಿಕೊಂಡು, ತನಗೆ ಗೊತ್ತಿದ್ದ ಅರಬ್ಬಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟ. ಯಾರದೆಂದು ಸಾಹೇಬರು ಕೇಳಿದ್ದಕ್ಕೆ ಸಾಲ್ಮಿಯಾದ ಮೀನಿನಂಗಡಿಯವನದೆಂದ. ಸಾಹೇಬರು, ಊಟವಾದ ಮೇಲೆ ನೀನೂ ಬಾ, ಜೊತೆಗೆ ನೋಡೋಣ ಎಂದರು.

ಮೀಟಿಂಗ್ ರೂಮಿನ ತಂಪಿನಲ್ಲೂ ರೋಹಿದಾಸನಿಗೆ ಬೆವರಿತು. ಕೋಲ್ಟನ್ನನ ಮೊದಲ ಎಸೆತ ಎದುರಾಳಿಯ ಎದೆಗೆ ಹೋಗಿ ಕೂತಿತು. ಎರಡನೆಯದು ಅಂಚಿನಲ್ಲಿ ನಿಂತಿದ್ದ ಫೋಟೋದವನಿಗೆ ಬಡಿಯಿತು. ಸಾಹೇಬರು ಟೈ ಸಡಿಲಿಸಿದರು. ರೋಹಿದಾಸ ಮೇಜಿನಡಿ ಕೈಮುಗಿದು, ಅಜ್ಜಾ, ಚಕ್ಕುಲಿ ವೀಳ್ಯ ಇಡುತ್ತೇನೆ ಎಂದ. ಹುಡುಗ ಜಾರಿ ಬಿದ್ದ. ಚಕ್ಕುಲಿ ಕಡಿಮೆಯಾಯಿತೇನೋ ಎಂದು ಒಂದು ಬುಟ್ಟಿ ಮಾಡಿದ. ಚೆಂಡು ಹುಡುಗನ ಕೈಯಿಂದಲೇ ಕಳಚಿತು. ಕಣ್ಣೆದುರಿಗೆ ಅಪೇಕ್ಷಾ ಇನ್ಯಾರದೋ ಪಕ್ಕದಲ್ಲಿ ಸೀರೆಯುಟ್ಟು ಕೂತಂತಾಗಿ ಅವನ ಎದೆ ಒಡೆಯಿತು. ಊರಿಗೆ ಬಂದು ಎಲೆ ತುಂಬ ಬಡಿಸುವ ಅಗೇಲು ಸೇವೆಯನ್ನೇ ಕೊಡುತ್ತೇನೆ, ಈ ಪೆದ್ದನ ಗುರಿ ಹುಡುಕಿಕೊಡು ಅಜ್ಜಾ ಎಂದು ಕಣ್ಣುಮುಚ್ಚಿದ.

ಸಾಹೇಬರು ಕಿರುಚಿದಾಗ ಕಣ್ಣು ಬಿಟ್ಟ. ಚೆಂಡು ವಿಳಾಸ ಬರೆದು ಕಳಿಸಿದ ಪಾರ್ಸೆಲಿನಂತೆ ಹೋಗಿ ತನ್ನವನ ಅಂಗೈಯಲ್ಲಿ ಇಳಿದಿತ್ತು. ಆಮೇಲೆ ಹುಡುಗನನ್ನು ಹಿಡಿಯುವವರಿರಲಿಲ್ಲ. ಎಸೆದದ್ದೆಲ್ಲ ತಲುಪಿತು, ತಂಡ ಗೆದ್ದಿತು. ಸಾಹೇಬರು ಕುರ್ಚಿ ಹತ್ತಿ ಕುಣಿದರು, ಇಳಿದು ರೋಹಿದಾಸನನ್ನು ತಬ್ಬಿಕೊಂಡರು. ಗಾಜಿನ ಬಾಗಿಲಾಚೆ ರೆಜಿನಾ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು.

ಸಾಹೇಬರು ಕಣ್ಣೊರೆಸಿಕೊಂಡು ಹೇಳಿದರು: "ರೋಹಿ, ನಿನ್ನಿಂದ ಮುಚ್ಚಿಡುವುದೇನು. ಈ ಹುಡುಗ ಇವತ್ತೂ ಕೆಡಿಸಿದರೆ ಈ ವರ್ಷ ಊರಿನ ಮುಖವೇ ನೋಡುವುದಿಲ್ಲ, ಸೆಪ್ಟೆಂಬರ್ ರಜೆ ನಿನಗೇ ಕೊಡುವುದು ಅಂತ ಬೆಳಗ್ಗೆಯೇ ನಿಶ್ಚಯಿಸಿದ್ದೆ. ಈಗ ಹೋಗದೆ ಇರಲಿಕ್ಕೆ ಹೇಗಾಗುತ್ತದೆ? ಮೊದಲ ಪಂದ್ಯಕ್ಕೆ ನಾನು ಸ್ಟೇಡಿಯಮ್ಮಿನಲ್ಲಿ ಇರಲೇಬೇಕು. ಪರ್ಚೇಸ್ ನೀನು ನೋಡಿಕೋ."

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಕೊಟ್ಟದ್ದರಿಂದಲೇ ಪೂಜಾರಿ ಕೊಡಲಿಲ್ಲ. ಹೊರಗೆ ಬಂದವನನ್ನು ಎಲ್ಲರೂ ಮುತ್ತಿಕೊಂಡರು. ವಿಷಯ ತಿಳಿದ ಆಸ್ಟಿನ್ ಮೆಲ್ಲಗೆ, ಹರಕೆ ಫಲಿಸಿತಲ್ಲ, ಇನ್ನು ಅಗೇಲು ಕೊಡಲಿಕ್ಕೆ ಊರಿಗೆ ಹೋಗಬೇಕಲ್ಲ, ರಜೆ ಯಾವಾಗ ಎಂದು ಕೇಳಿದ. ಹಂಝ ಅವನ ಕಾಲು ತುಳಿದ.

ಸಂಜೆ ರೋಹಿದಾಸ ಕಾಪುವಿಗೆ ಫೋನು ಮಾಡಿದ. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಕೋಲ್ಟನ್ ಎಂಬ ಹುಡುಗ, ಮೊದಲು ಕೆಟ್ಟದಾಗಿ ಆಡುತ್ತಿದ್ದ, ತಾನೇ ಹರಕೆ ಹೇಳಿ ಅವನನ್ನು ದಾರಿಗೆ ತಂದದ್ದು, ಈಗ ಅಮೆರಿಕದಲ್ಲಿ ಅವನದೇ ಹೆಸರು, ಕೈತುಂಬ ಸಂಬಳ, ಹಾಗಾಗಿ ತನಗೆ ರಜೆ ಇಲ್ಲ. ಅಪೇಕ್ಷಾಳ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಆ ಹುಡುಗನಿಗೆ ರಜೆ ಸಿಗ್ತದಾ?"