ಮೆಣಸಿನ ಬಳ್ಳಿಗೆ ಕಟ್ಟಿದ ರೀಲು

ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತ ಸೋಮವಾರಪೇಟೆ ತಾಲೂಕನ್ನು ಉದ್ಧರಿಸುವ ಹೊಣೆ ನನ್ನದೇ ಎಂದು ಮೊನ್ನೆ ಘೋಷಿಸಿಬಿಟ್ಟೆ!

ಅಸ್ತ್ರವೂ ಸಿಕ್ಕಿತ್ತು. ಪಕ್ಕದ ಎಸ್ಟೇಟಿನ ಪೊನ್ನಮ್ಮನವರ ಬಳಿ ಹಳೆಯ ಕಾರ್ಟೂನ್ ಚಿತ್ರದ ರೀಲೊಂದಿತ್ತು. ಏಳೇ ನಿಮಿಷ, ಕಪ್ಪುಬಿಳುಪು, ಮಾತಿಲ್ಲ. ರೈಲಿನಡಿ ಸಿಕ್ಕ ಕೋಳಿ ಹಪ್ಪಳದಂತೆ ಚಪ್ಪಟೆಯಾಗಿ, ಎದ್ದು ಪುಕ್ಕ ಕೊಡವಿಕೊಂಡು ರೈಲನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಕೈಯಲ್ಲಿ ಬಿಡಿಸಿದ ಗೆರೆಗಳು ಚಳಿ ಹಿಡಿದವರಂತೆ ನಡುಗುತ್ತವೆ. ಆ ನಡುಕವೆಂದರೆ ನನಗೆ ಪ್ರಾಣ. ಕೊಡವ, ಮಲಯಾಳ, ತಮಿಳು, ಅರೆಭಾಷೆ ಎಲ್ಲ ಆಡುವ ನಮ್ಮ ತೋಟದ ಲೈನುಮನೆಗಳ ಕೂಲಿ ಜನ ಒಟ್ಟಿಗೆ ನಗಲು ಬೇರೆ ಯಾವ ಭಾಷೆ ಬೇಕು!

"ನಮ್ಮ ಯಜಮಾನ್ರ ನೆನಪಿಗೆ ಇದೊಂದೇ ಉಳಿದಿರೋದು. ಜೋಪಾನ," ಎಂದು ಪೊನ್ನಮ್ಮನವರು ರೀಲಿನ ಡಬ್ಬ ಕೊಟ್ಟರು. ಭಾನುವಾರ ಸಂಜೆ ಅವರ ಕಾಫಿ ಗೋಡೌನಿನಲ್ಲೇ, ಬಾಡಿಗೆ ಪ್ರೊಜೆಕ್ಟರಿನಲ್ಲಿ ಪ್ರದರ್ಶನ.

"ನಾನೊಂದು ರೀಲು ಬಿಡ್ತೀನಿ ನೋಡು!" ಎಂದೆ, ಹೆಂಡತಿ ವಿಮಲಳಿಗೆ.

"ಅದೇನು ಹೊಸದಾ? ಮೂವತ್ತು ವರ್ಷದಿಂದ ಬಿಡ್ತಾನೇ ಇದೀರಲ್ಲ!"

ಡಬ್ಬವನ್ನು ಅಟ್ಟದ ಮೇಲಿಟ್ಟೆ. ಭಾನುವಾರ ಬೆಳಿಗ್ಗೆ ಮೆಣಸಿನ ಬಳ್ಳಿ ಕಟ್ಟಲು ತೋಟದ ಆಳು ನಿಂಗ ಬಂದ. ನಾನು ಪರದೆಯಾಗಿ ಕಟ್ಟಲಿದ್ದ ಪಂಚೆಗೆ ಇಸ್ತ್ರಿ ಹಾಕುವ ಘನಕಾರ್ಯದಲ್ಲಿದ್ದೆ. "ದಾರ ಅಟ್ಟದಲ್ಲೈತೆ. ಸಾಲದಿದ್ರೆ ಅಲ್ಲಿ ಸಿಕ್ಕಿದ್ದು ತಗಂಡು ಕಟ್ಟು!" ಎಂದು ಅಪ್ಪಣೆ ಕೊಡಿಸಿದೆ.

ಮಧ್ಯಾಹ್ನ ತೋಟಕ್ಕೆ ಹೋದರೆ ಏನು ನೋಡಲಿ! ಸಿಲ್ವರ್ ಓಕ್ ಮರಗಳಿಗೆ ಬಳ್ಳಿ ಕಟ್ಟಿದ್ದು ಮಿರಮಿರ ಮಿಂಚುವ ಕಪ್ಪು ರೀಲಿನಿಂದ! ಅಟ್ಟಕ್ಕೆ ಓಡಿದೆ, ಡಬ್ಬ ಇಲ್ಲ. ಮತ್ತೆ ತೋಟಕ್ಕೆ ಓಡಿ, ಏಣಿ ಹತ್ತಿ, ಗಂಟು ಬಿಚ್ಚಹೋಗಿ ಕೆಳಗೆ ಚಪ್ಪಟೆಯಾದೆ. ಕೊಡವಿಕೊಳ್ಳಲು ಪುಕ್ಕವೂ ಇರಲಿಲ್ಲ! ಪೊನ್ನಮ್ಮನವರಿಗೆ ಹೇಗೆ ಮುಖ ತೋರಿಸಲಿ ಎಂದು ನಿಜಕ್ಕೂ ಅಳು ಬಂತು.

"ಏನ್ರೀ ಇದು ಅವತಾರ?" ಎಂದು ವಿಮಲ ಬಂದಳು.

"ಪೊನ್ನಮ್ಮನವ್ರ ರೀಲು ಹೋಯ್ತು ಕಣೇ! ನಿಂಗ ಬಳ್ಳಿಗೆ ಕಟ್ಬಿಟ್ಟ!"

"ರೀಲಿನ ಅಂಚಲ್ಲಿ ತೂತಿರ್ತವೆ ಅಂತ ನೀವೇ ಪಾಠ ಮಾಡಿದ್ರಿ. ಇದ್ರಲ್ಲಿ ಎಲ್ಲೈತೆ ತೂತು? ಅಟ್ಟದಲ್ಲಿ ಶೀತ ಅಂತ ಆ ಡಬ್ಬಾನ ನಾನು ಅಕ್ಕಿ ಡ್ರಮ್ಮಲ್ಲಿಟ್ಟಿದೀನಿ."

"ಹಂಗಾದ್ರೆ ಇದು?"

ಬುಡದಲ್ಲಿ ಬಿದ್ದಿದ್ದ ಖಾಲಿ ಕ್ಯಾಸೆಟ್ಟನ್ನು ಎತ್ತಿ ಅವಳು ಚೀಟಿ ಓದಿದಳು. "ನಮ್ಮ ಮದುವೆ ವಿಡಿಯೋ."

"ಅಬ್ಬಾ! ಅಷ್ಟೇನಾ! ಬದುಕ್ದೆ!"

ಅಂದ ಮೇಲೆ ಗೊತ್ತಾಯಿತು, ಏನಂದೆ ಎಂದು.

ಸಂಜೆ ಗೋಡೌನ್ ಭರ್ತಿ. ಕೋಳಿ ಎದ್ದು ನಿಂತಾಗ ಪೊನ್ನಮ್ಮನವರು ಮಗುವಿನಂತೆ ಚಪ್ಪಾಳೆ ತಟ್ಟಿದರು. ನನ್ನ ಜೀವ ಹಗುರಾಯಿತು. ಮಧ್ಯಾಹ್ನದಿಂದ ಮುಖ ಊದಿಸಿಕೊಂಡಿದ್ದ ವಿಮಲಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನನ್ನ ಕಿವಿಯತ್ತ ಬಾಗಿದಳು.

"ರೈಲಿನಡಿ ಬಿದ್ರೂ ಆ ಕೋಳಿ ಬಾಯಿ ಬಿಡ್ಲಿಲ್ಲ ನೋಡ್ರಿ. ನೀವು ಒಂದು ಏಣಿಯಿಂದ ಬಿದ್ದು ಏನೇನು ಅಂದ್ಬಿಟ್ರಿ!"